ಮಿನಿ ಟ್ರ್ಯಾಕ್ಟರ್ ಪೆಡಲ್ ಕೈಕೊಟ್ಟರೆ: ಕಾಲಬುಡದಿಂದ ಹುಡುಕುತ್ತಾ ಹೋಗಿ

"ಅಣ್ಣ, ಕ್ಲಚ್ ಹೋಯ್ತು. ಬಂದು ನೋಡ್ತೀರಾ?"

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಿಂದ ಬರುವ ಫೋನ್ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಹೋಯ್ತು ಅಂದ್ರೆ ಎಂತ ಆಗ್ತಾ ಉಂಟು ಮಾರಾಯ್ರೆ? ಗೇರ್ ಬೀಳ್ತಾ ಇಲ್ವಾ, ಅಲ್ಲ ಬಿದ್ದ ಮೇಲೆ ಎಳೀತಾ ಇಲ್ವಾ?"

ಈ ಎರಡು ಪೂರ್ತಿ ಉಲ್ಟಾ ತೊಂದರೆಗಳು. ಗೇರ್ ಬೀಳದೆ ಕರಕರ ಸದ್ದು ಬಂದರೆ, ಎಂಜಿನನ್ನೂ ಗೇರ್‌ಬಾಕ್ಸನ್ನೂ ಜೋಡಿಸುವ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಗೇರ್ ಬಿದ್ದು, ಎಂಜಿನ್ ಬೊಬ್ಬೆ ಹಾಕಿದರೂ ಗಾಡಿ ಎಳೆಯದಿದ್ದರೆ ಕ್ಲಚ್ ಪೂರ್ತಿ ಹಿಡಿಯುತ್ತಿಲ್ಲ. ಒಂದಕ್ಕೆ ಮಾಡಿದ ರಿಪೇರಿ ಇನ್ನೊಂದನ್ನು ಹಾಳು ಮಾಡುತ್ತದೆ. ಹಾಗಾಗಿ ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ಏನಾಗುತ್ತಿದೆ ಎಂದು ಸರಿಯಾಗಿ ನೋಡಿಕೊಳ್ಳುವುದೇ ಅರ್ಧ ಕೆಲಸ.

ಇನ್ನರ್ಧ ಕೆಲಸ, ಹುಡುಕುವ ಕ್ರಮ. ಪೆಡಲಿನ ತಕರಾರು ಕಂಡ ಕೂಡಲೇ ಗೇರ್‌ಬಾಕ್ಸಿನ ಒಳಗೇ ಏನೋ ಹೋಗಿದೆ ಎಂದು ಹೆದರುವವರು ಜಾಸ್ತಿ. ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡುವಿನಿಂದ ಬಿಚ್ಚಿ ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಮಾಡಬೇಕು. ಕೂಲಿಯೇ ದೊಡ್ಡದು. ಹಾಗೆ ಬಿಚ್ಚಿದ ಮೇಲೆ "ಪ್ಲೇಟ್ ಚೆನ್ನಾಗೇ ಉಂಟಲ್ಲಾ" ಅನ್ನುವ ಸ್ಥಿತಿ ಬರಬಾರದು. ಕಾಲು ಇಡುವ ಜಾಗದಿಂದ ಶುರು ಮಾಡಿ. ಪೆಡಲ್, ಅದು ಕೂತ ಶಾಫ್ಟ್, ಸ್ಪ್ರಿಂಗ್, ರಾಡ್, ಪಿನ್, ಕ್ಲಚ್ಚನ್ನು ಮುಚ್ಚಿದ ಹೌಸಿಂಗಿನ ಹೊರಗಿರುವ ಲಿವರ್. ಇಷ್ಟನ್ನು ನೋಡಿ ಮುಗಿಸಿದ ಮೇಲೆ ಮಾತ್ರ ಒಳಗಿನ ಮಾತು.

ನಮ್ಮ ತೋಟದಲ್ಲಿ ಪೆಡಲ್ ಯಾಕೆ ಬೇಗ ಹಾಳಾಗುತ್ತದೆ

ಅಡಿಕೆ ಗಿಡಕ್ಕೂ ಗಿಡಕ್ಕೂ 2.7 ಮೀಟರ್ ಅಂತರ, ಅಂದರೆ ನಮ್ಮ ಲೆಕ್ಕದ 9 ಅಡಿ. ನಡುವೆ ನೀರು ಹರಿಯುವ ಕಣಿ ಬೇರೆ. 15ರಿಂದ 30 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಸಾಲಿನ ನಡುವೆ ಹೋಗುತ್ತದೆ ನಿಜ. ಆದರೆ ಪ್ರತಿ ಸಾಲಿನ ಕೊನೆಗೆ ಕ್ಲಚ್ ಒತ್ತಬೇಕು, ಒಂದು ಬದಿಯ ಬ್ರೇಕ್ ಹಿಡಿದು ತಿರುಗಿಸಬೇಕು, ಹಿಂದೆ ಮುಂದೆ ಮಾಡಬೇಕು. ಬಯಲುಸೀಮೆಯ ದೊಡ್ಡ ಹೊಲದಲ್ಲಿ ಉದ್ದಕ್ಕೆ ಉಳುವ ಟ್ರ್ಯಾಕ್ಟರಿಗೆ ಇಷ್ಟು ಪೆಡಲ್ ಕೆಲಸ ಇಲ್ಲ.

ಅದರ ಮೇಲೆ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೆಡಲ್ ಶಾಫ್ಟ್ ಇರುವುದು ಫುಟ್‌ಬೋರ್ಡಿನ ಅಡಿಯಲ್ಲಿ, ಚಕ್ರ ಎರಚುವ ಕೆಸರಿಗೆ ನೇರ ಎದುರು.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣ ಬೆರೆಸಿದ ಔಷಧಿ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುತ್ತೇವೆ. ಡ್ರಮ್ ಸಾಗಿಸುವುದು, ಪಂಪ್ ಓಡಿಸುವುದು ಎಲ್ಲಾ ಟ್ರ್ಯಾಕ್ಟರಿನಿಂದಲೇ. ಶೇಕಡಾ ಒಂದರ ಮಿಶ್ರಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಗಿದೆಯಾ ಅಂತ ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತೇವೆ ಅಲ್ವಾ? ಕತ್ತಿಯ ಮೇಲೆ ಕೆಂಪು ಬಂದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಬೇಕು ಅಂತ ಲೆಕ್ಕ. ಆ ಕೆಂಪು ಕತ್ತಿಗೆ ಮಾತ್ರ ಬರುವುದಲ್ಲ. ಮೈಲುತುತ್ತು ಕರಗಿಸುವಾಗ ಸಿಡಿದ ನೀರು ಪೆಡಲ್ ಶಾಫ್ಟಿನ ಮೇಲೆ ಬಿದ್ದರೆ ಅಲ್ಲೂ ಅದೇ ಆಗುತ್ತದೆ. ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಬೋರ್ಡೋ ಸಮಯದಲ್ಲಿ ಓಡಿದ ಟ್ರ್ಯಾಕ್ಟರಿನ ಪೆಡಲ್ ಬಿಚ್ಚಿದರೆ ಶಾಫ್ಟಿನಲ್ಲಿ ಸಣ್ಣ ಸಣ್ಣ ಗುಳಿ, ಬುಷ್‌ನ ಬಾಯಲ್ಲಿ ನೀಲಿ ಸುಣ್ಣದ ಹಪ್ಪಳೆ. ಸ್ಪ್ರೇ ಕೆಲಸ ಮುಗಿದ ಸಂಜೆಯೇ ಪೆಡಲಿನ ಅಡಿಗೆ ಬರೀ ನೀರು ಹೊಡೆದು ತೊಳೆದು, ಒಣಗಿದ ಮೇಲೆ ಗ್ರೀಸ್ ಹಾಕಿದರೆ ಇದು ಮುಕ್ಕಾಲು ಪಾಲು ತಪ್ಪುತ್ತದೆ. ಮರುದಿನಕ್ಕೆ ಬಿಟ್ಟರೆ ಸುಣ್ಣ ಗಟ್ಟಿಯಾಗುತ್ತದೆ.

ಕೈ ಹಾಕುವ ಮೊದಲು

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹಿಂದಿನ ಉಪಕರಣ ನೆಲಕ್ಕೆ ಇಳಿಸಿ, ಪಿಟಿಒ (ಹಿಂದಿನ ಉಪಕರಣವನ್ನು ತಿರುಗಿಸುವ ಶಾಫ್ಟ್) ತಪ್ಪಿಸಿ, ಕೀ ತೆಗೆದು ಜೇಬಿಗೆ ಹಾಕಿ. ಚಕ್ರಕ್ಕೆ ಮುಂದೆ ಹಿಂದೆ ಎರಡೂ ಕಡೆ ಮುರಕಲ್ಲಿನ ತುಂಡು ಕೊಡಿ. ಬ್ರೇಕಿನ ರಾಡ್ ಬಿಚ್ಚಲಿಕ್ಕೆ ಹೊರಟವರು ಹ್ಯಾಂಡ್‌ಬ್ರೇಕ್ ನಂಬಿ ನಿಲ್ಲಿಸುವುದನ್ನು ನೋಡಿದ್ದೇನೆ. ಹೆಚ್ಚಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಅದೇ ಬ್ರೇಕನ್ನೇ. ರಾಡ್ ಬಿಚ್ಚಿದರೆ ಅದೂ ಹೋಯಿತು.

ಪೆಡಲನ್ನೇ ಮೊದಲು ನೋಡಿ

ರಬ್ಬರ್ ಮ್ಯಾಟ್ ಎತ್ತಿ. ಅದರ ಅಡಿಯಲ್ಲಿ ಅಡಿಕೆ ಸಿಪ್ಪೆ, ಸೋಗೆಯ ನಾರು, ಒಣಗಿದ ಮಣ್ಣು, ಕೆಲವೊಮ್ಮೆ ಕಳೆದುಹೋದ 12ರ ಸ್ಪ್ಯಾನರ್ ಕೂಡ ಸಿಗುತ್ತದೆ. ಪೆಡಲ್ ಕೆಳಗೆ ಪೂರ್ತಿ ಇಳಿಯದಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಮ್ಯಾಟ್ ಮಡಚಿ ಪೆಡಲಿನ ಅಡಿಗೆ ಸೇರಿದ್ದಕ್ಕೇ ಗೇರ್ ಬೀಳದೆ ಒದ್ದಾಡಿದ ಗಾಡಿಗಳು ಇವೆ.

ಈಗ ಪೆಡಲನ್ನು ಕೈಯಿಂದ ಒತ್ತಿ ಬಿಡಿ. ಕಾಲಿನಿಂದ ಬೇಡ, ಕಾಲಿಗೆ ಸಣ್ಣ ತಡೆ ಗೊತ್ತಾಗುವುದಿಲ್ಲ. ಒತ್ತುವಾಗ ಒಂದೇ ಸಮ ಇಳಿಯಬೇಕು, ಬಿಟ್ಟಾಗ ತಾನಾಗಿ ಟಪ್ಪನೆ ಮೇಲೆ ಬರಬೇಕು. ನಿಧಾನಕ್ಕೆ ಏಳುತ್ತಿದೆಯಾ? ಶಾಫ್ಟಿನಲ್ಲಿ ತುಕ್ಕು, ಇಲ್ಲವೇ ಸ್ಪ್ರಿಂಗ್ ಸಡಿಲ. ಯಾವುದು ಅಂತ ತಿಳಿಯಲು ಸ್ಪ್ರಿಂಗ್ ಮತ್ತು ರಾಡ್ ಎರಡನ್ನೂ ಕಳಚಿ, ಬರೀ ಪೆಡಲನ್ನು ಆಡಿಸಿ ನೋಡಿ. ಬಿಗಿ ಉಂಟಾದರೆ ತಪ್ಪು ಶಾಫ್ಟಿನದ್ದು. ಪೆಡಲ್ ಸಲೀಸಾಗಿ ಬಿದ್ದರೆ ತಪ್ಪು ಸ್ಪ್ರಿಂಗಿನದ್ದು ಅಥವಾ ಅದಕ್ಕಿಂತ ಮುಂದಿನದ್ದು.

ನಡುವೆ ಒಂದು ಕೊಂಡಿ ಕಳಚಿ ಎರಡು ಕಡೆಯನ್ನೂ ಬೇರೆ ಬೇರೆ ಆಡಿಸಿ ನೋಡುವ ಈ ಉಪಾಯ ನೆನಪಿರಲಿ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಲ್ಲದಕ್ಕೂ ಇದೇ ನಡೆಯುತ್ತದೆ.

ಶಾಫ್ಟ್ ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ, ಮರುದಿನ ಆಡಿಸುತ್ತಾ ಗ್ರೀಸ್ ಹೊಡೆಯಿರಿ. ಹಳೇ ಗ್ರೀಸ್ ಕಪ್ಪಾಗಿ, ಕೆಲವೊಮ್ಮೆ ನೀರು ಸೇರಿ ಮಜ್ಜಿಗೆಯ ಬಣ್ಣದಲ್ಲಿ ಹೊರಗೆ ಬರುತ್ತದೆ. ಹೊಸತು ಕಾಣುವವರೆಗೆ ಹೊಡೆಯಬೇಕು. ಗ್ರೀಸ್ ಹೊಡೆಯುವ ಬಾಯಿ, ಅಂದರೆ ನಿಪ್ಪಲ್, ಗ್ರೀಸ್ ತಗೊಳ್ಳದಿದ್ದರೆ ಸುಮ್ನೆ ಗನ್ ಒತ್ತಬೇಡಿ. ನಿಪ್ಪಲ್ ಕಳಚಿ, ತೂತಿನಲ್ಲಿ ಗಟ್ಟಿಯಾದ ಗ್ರೀಸನ್ನು ತಂತಿಯಿಂದ ಕೆರೆದು ತೆಗೆಯಿರಿ. ಎಷ್ಟೋ ಗಾಡಿಗಳಲ್ಲಿ ನಿಪ್ಪಲಿನ ಹೊರಗೆ ಗ್ರೀಸಿನ ಗುಡ್ಡೆಯೇ ಇರುತ್ತದೆ, ಒಳಗೆ ಶಾಫ್ಟ್ ಮಾತ್ರ ಒಣಕಲು.

ಕ್ಲಚ್ ಪ್ಲೇ: ಸ್ಕೇಲ್ ಹಿಡಿದು ಅಳೆಯಬೇಕು

ಪೆಡಲಿನ ಪಕ್ಕ ಒಂದು ಸ್ಕೇಲ್ ನಿಲ್ಲಿಸಿ. ಕೈಯಿಂದ ಮೆಲ್ಲ ಒತ್ತಿ. ಮೊದಲು ಸಡಿಲವಾಗಿ ಇಳಿಯುತ್ತದೆ, ಆಮೇಲೆ ಒಂದು ಕಡೆ ಗಟ್ಟಿ ಸಿಗುತ್ತದೆ. ಆ ಸಡಿಲ ದೂರವೇ ಪ್ಲೇ. ಹೆಚ್ಚಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಇದು 20ರಿಂದ 30 ಮಿ.ಮೀ. ಒಳಗೆ ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕೆ ಇದ್ದರೆ ಅದೇ ಸರಿ.

ಇಲ್ಲಿ ಒಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ಗೊಂದಲ ಮುಗಿಯಿತು. ಬ್ರೇಕ್ ಸವೆದರೆ ಪ್ಲೇ ಜಾಸ್ತಿ ಆಗುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಪ್ಲೇ ಕಡಿಮೆ ಆಗುತ್ತದೆ. ಪ್ಲೇಟ್ ತೆಳ್ಳಗಾದ ಹಾಗೆ ಅದನ್ನು ಒತ್ತುವ ಪ್ರೆಶರ್ ಪ್ಲೇಟ್, ಎಂಜಿನಿನ ಹಿಂದೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಅದರ ಫಿಂಗರುಗಳು, ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ. ನಡುವಿನ ಜಾಗ ಮುಗಿದರೆ, ನೀವು ಕಾಲು ತೆಗೆದರೂ ಬೇರಿಂಗ್ ಫಿಂಗರನ್ನು ಒತ್ತಿಕೊಂಡೇ ಇರುತ್ತದೆ. ಪ್ಲೇಟ್ ಜಾರುತ್ತದೆ, ಬೇರಿಂಗ್ ಸುಡುತ್ತದೆ. "ಪೆಡಲ್ ಈಗ ತುಂಬಾ ಶಾರ್ಪ್ ಆಗಿದೆ, ಮುಟ್ಟಿದ ಕೂಡಲೇ ಗಟ್ಟಿ ಸಿಗುತ್ತದೆ" ಅಂತ ಖುಷಿಪಡುವ ಡ್ರೈವರುಗಳಿದ್ದಾರೆ. ಅದು ಖುಷಿಪಡುವ ವಿಷಯ ಅಲ್ಲ, ಪ್ಲೇ ಮುಗಿದಿದೆ ಎಂಬ ಸೂಚನೆ.

ಸರಿ ಮಾಡುವುದು ಸುಲಭ. ಕ್ಲಚ್ ರಾಡಿನ ಚೆಕ್‌ನಟ್ ಸಡಿಲಿಸಿ, ರಾಡ್ ಅಥವಾ ಟರ್ನ್‌ಬಕಲ್ ಅರ್ಧ ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ಪ್ಲೇ ಸರಿ ಬಂದ ಮೇಲೆ ಚೆಕ್‌ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ರಾಡ್ ಜೊತೆಗೇ ತಿರುಗುತ್ತದೆ, ಹಾಗಾಗಿ ಕೊನೆಗೆ ಇನ್ನೊಮ್ಮೆ ಅಳೆಯಬೇಕು.

ಆದರೆ ಅಳತೆ ಮೋಸ ಮಾಡುವ ಜಾಗ ಒಂದಿದೆ, ಅದು ಪಿನ್. ರಾಡಿನ ತುದಿಯ ಯೋಕ್ ಪಿನ್ನನ್ನು ಸ್ಪ್ಲಿಟ್ ಪಿನ್ ಎಳೆದು ಹೊರಗೆ ತೆಗೆಯಿರಿ, ಒರೆಸಿ, ಬೆಳಕಿಗೆ ಹಿಡಿಯಿರಿ. ಸವೆದ ಪಿನ್ನಿನ ನಡು ಸಣ್ಣದಾಗಿರುತ್ತದೆ, ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆ. ಯೋಕಿನ ತೂತು ದುಂಡಗೆ ಇರುವುದು ಬಿಟ್ಟು ಮೊಟ್ಟೆಯಾಕಾರ ಆಗಿರುತ್ತದೆ. ಎರಡು ಮೂರು ಕಡೆ ಹೀಗೆ ಸವೆದರೆ ಪೆಡಲ್ 25 ಮಿ.ಮೀ. ಆಡುತ್ತದೆ, ನೀವು ಪ್ಲೇ ಸರಿ ಇದೆ ಅಂದುಕೊಳ್ಳುತ್ತೀರಿ. ನಿಜದಲ್ಲಿ ಆ ಆಟ ಎಲ್ಲ ಪಿನ್ನುಗಳದ್ದೇ, ಒಳಗೆ ಬೇರಿಂಗಿಗೆ ಜಾಗವೇ ಉಳಿದಿರುವುದಿಲ್ಲ. ಹೌಸಿಂಗಿನ ಹೊರಗಿನ ಲಿವರನ್ನು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ: ಲಿವರಿಗೆ ಸಡಿಲ ಇರಬೇಕು. ಪಿನ್ ಬದಲಿಸದೆ ರಾಡ್ ಮಾತ್ರ ತಿರುಗಿಸುತ್ತಾ ಹೋದರೆ ಆ ಗಾಡಿ ಒಂದು ದಿನ ಜಾರುತ್ತದೆ, ಒಂದು ದಿನ ಕರಕರ ಅನ್ನುತ್ತದೆ. ಪಿನ್ನಿನ ಬದಲು ಬೋಲ್ಟ್ ಹಾಕುವುದು ನನಗೆ ಇಷ್ಟವಿಲ್ಲ. ಬೋಲ್ಟಿನ ಮರೆ, ಅಂದರೆ ಥ್ರೆಡ್, ತೂತನ್ನು ಅರದ ಹಾಗೆ ತಿನ್ನುತ್ತದೆ.

ಜಾರುತ್ತಿದೆಯಾ ಅಂತ ಪರೀಕ್ಷೆ

ಪ್ಲೇ ಸರಿ ಮಾಡಿದರೂ ಟ್ರಾಲಿ ತುಂಬಿ ಏರು ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆಗ ಸಮತಟ್ಟಿನಲ್ಲಿ, ಎದುರಿಗೆ ಯಾರೂ ಇಲ್ಲದ ಕಡೆ ನಿಲ್ಲಿಸಿ. ಬ್ರೇಕ್ ಗಟ್ಟಿ ಹಿಡಿದು, ಟಾಪ್ ಗೇರ್ ಹಾಕಿ, ಎಂಜಿನ್ ಮಧ್ಯಮ ವೇಗದಲ್ಲಿ ಇಟ್ಟು, ಕ್ಲಚ್ ಮೆಲ್ಲ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಮುಗಿಸುತ್ತದೆ.

ಬಿಚ್ಚಲು ಹೇಳುವ ಮೊದಲು ಗಾಡಿಯ ಅಡಿಗೆ ಹೋಗಿ ಕ್ಲಚ್ ಹೌಸಿಂಗಿನ ತಳದ ತೂತು ನೋಡಿ. ಕೆಲವು ಗಾಡಿಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿರುತ್ತದೆ. ಅದು ಯಾರೋ ಮರೆತು ಬಿಟ್ಟದ್ದಲ್ಲ, ಅಲ್ಲಾಡುತ್ತಾ ತೂತು ಕಟ್ಟದಂತೆ ನೋಡಿಕೊಳ್ಳಲು ಇಟ್ಟದ್ದು. ಅಲ್ಲಿ ಎಣ್ಣೆ ಹನಿಯುತ್ತಿದ್ದರೆ ಬೆರಳಿಗೆ ತಗೊಂಡು ನೋಡಿ. ಕಪ್ಪಾಗಿ ತೆಳ್ಳಗಿದ್ದರೆ ಎಂಜಿನಿನ ಹಿಂದಿನ ಸೀಲ್ ಸೋರುತ್ತಿದೆ. ಕಪ್ಪಿಲ್ಲದೆ ತಿಳಿಯಾಗಿದ್ದರೆ ಗೇರ್‌ಬಾಕ್ಸ್ ಶಾಫ್ಟಿನ ಸೀಲ್. ಎರಡರಲ್ಲಿ ಯಾವುದಾದರೂ ಎಣ್ಣೆ ಕುಡಿದ ಪ್ಲೇಟಿಗೆ ಅಡ್ಜಸ್ಟ್‌ಮೆಂಟ್ ಪ್ರಯೋಜನವಿಲ್ಲ, ಬಿಚ್ಚಲೇಬೇಕು. ಬಿಚ್ಚಿದಾಗ ಪ್ಲೇಟ್ ಮಾತ್ರ ಹಾಕಿ ಸೀಲ್ ಬಿಟ್ಟರೆ ಅದೇ ಕೆಲಸ ಇನ್ನೊಮ್ಮೆ.

ಗ್ರೀಸ್‌ನಿಂದಲೂ ಪ್ಲೇಟ್ ಹಾಳಾಗುತ್ತದೆ. ಕ್ಲಚ್ ಲಿವರಿನ ಶಾಫ್ಟಿಗೆ ಹೌಸಿಂಗಿನ ಹೊರಗೆ ನಿಪ್ಪಲ್ ಇದ್ದರೆ ಗನ್ ಒಂದೆರಡು ಸಲ ಒತ್ತಿದರೆ ಸಾಕು. ಪೆಡಲ್ ಶಾಫ್ಟಿಗೆ ಹೊಡೆದ ಹಾಗೆ ಇಲ್ಲೂ ಹೊಡೆದರೆ ಜಾಸ್ತಿಯಾದ ಗ್ರೀಸ್ ಒಳಗೇ ಹೋಗಿ ಪ್ಲೇಟಿಗೆ ಎರಚುತ್ತದೆ.

ತೂತಿನಿಂದ ಕೆಸರು ನೀರು ಬಂದರೆ ಗದ್ದೆಯ ಕೆಲಸದ ಫಲ. ಕೆಲವು ಗಾಡಿಗೆ ಕೆಸರುಗದ್ದೆಗೆ ಇಳಿಯುವಾಗ ಆ ತೂತಿಗೆ ಪ್ಲಗ್ ಹಾಕಬೇಕು, ಮೇಲೆ ಬಂದ ಮೇಲೆ ತೆಗೆಯಬೇಕು. ಹಾಕುವುದು ನೆನಪಿರುತ್ತದೆ, ತೆಗೆಯುವುದು ಮರೆಯುತ್ತದೆ.

ಡಬಲ್ ಕ್ಲಚ್ ಇರುವ ಗಾಡಿಯವರಿಗೆ ಒಂದು ಮಾತು. ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ನಿಲ್ಲುತ್ತದೆ. ಗೇರ್ ಸಲೀಸಾಗಿ ಬಿದ್ದು, ಪಿಟಿಒ ಲಿವರ್ ಮಾತ್ರ ಕರಕರ ಅಂದರೆ ಪೆಡಲಿನ ಎರಡನೇ ಅರ್ಧ ಸರಿಯಾಗಿ ಇಳಿಯುತ್ತಿಲ್ಲ. ಮೊದಲು ಮ್ಯಾಟ್, ಆಮೇಲೆ ಪಿನ್, ಆಮೇಲೆ ಅಡ್ಜಸ್ಟ್‌ಮೆಂಟ್. ರೋಟವೇಟರ್ ನಿಂತಿತು ಅಂತ ನಂಬಿ ಹಿಂದೆ ಹೋಗುವ ಜನ ಇರುವುದರಿಂದ ಇದನ್ನು ಮುಂದಕ್ಕೆ ಹಾಕಬಾರದು.

ಮಳೆಗಾಲ ಕಳೆದ ಮೇಲೆ ಅಂಟಿದ ಕ್ಲಚ್

ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ ಗಾಡಿ ಅಕ್ಟೋಬರ್‌ನಲ್ಲಿ ತೆಗೆದರೆ ಪೆಡಲ್ ಪೂರ್ತಿ ಇಳಿಯುತ್ತದೆ, ಪ್ಲೇ ಸರಿ ಇದೆ, ಪಿನ್ ಸರಿ ಇದೆ, ಆದರೂ ಒಂದೇ ಒಂದು ಗೇರ್ ಬೀಳುವುದಿಲ್ಲ. ತೇವಕ್ಕೆ ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿದೆ.

ಬರದಂತೆ ತಡೆಯುವುದು ಬಹಳ ಸುಲಭ. ತುಂಬಾ ದಿನ ನಿಲ್ಲಿಸುವುದಾದರೆ ಕ್ಲಚ್ ಪೆಡಲ್ ಒತ್ತಿ ಹಿಡಿದಿಡಿ. ಹಲವು ಗಾಡಿಗಳಲ್ಲಿ ಇದಕ್ಕೇ ಒಂದು ಕೊಕ್ಕೆ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಮರದ ತುಂಡು ಅಡ್ಡ ಕೊಟ್ಟರಾಯಿತು. ಹೀಗಿಟ್ಟಾಗ ಗಾಡಿ ಗೇರ್‌ನಲ್ಲಿದ್ದರೂ ನಿಲ್ಲುವುದಿಲ್ಲ, ಚಕ್ರಕ್ಕೆ ಕಲ್ಲು ಬೇಕೇ ಬೇಕು.

ಈಗಾಗಲೇ ಅಂಟಿದ್ದರೆ? ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಎಷ್ಟೋ ಸಲ ಬಿಸಿಗೇ ಬಿಡುತ್ತದೆ. ಬಿಡದಿದ್ದರೆ, ಎಂಜಿನ್ ನಿಲ್ಲಿಸಿ, ಒಣಗಿದ ಗದ್ದೆಯಂಥ ವಿಶಾಲ ಬಯಲಿನಲ್ಲಿ ಮೇಲಿನ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿಕೊಂಡು ಸ್ಟಾರ್ಟ್ ಮಾಡುವುದು. ಗಾಡಿ ಕೂಡಲೇ ಮುಂದೆ ಹಾರುತ್ತದೆ, ಅದಕ್ಕೆ ತಯಾರಾಗಿರಬೇಕು. ಕ್ಲಚ್ ಒತ್ತಿಕೊಂಡೇ ಬ್ರೇಕನ್ನು ಹಿಡಿದು ಬಿಟ್ಟು ಮಾಡಿದರೆ ಟಕ್ ಅಂತ ಪ್ಲೇಟ್ ಬಿಡುತ್ತದೆ. ಎಡ ಬಲ ಎರಡೂ ಬ್ರೇಕ್ ಪೆಡಲುಗಳು ಒಂದಕ್ಕೊಂದು ಲಾಕ್ ಆಗಿರಬೇಕು, ಬ್ರೇಕ್ ಸರಿ ಇರಬೇಕು, ಎಂಜಿನ್ ನಿಲ್ಲಿಸುವ ನಾಬ್ ಕೈಗೆ ಸಿಗುವಂತಿರಬೇಕು. ತೋಟದೊಳಗೆ, ಕಣಿ ಹತ್ತಿರ, ಶೆಡ್ಡಿನಲ್ಲಿ ಇದನ್ನು ಮಾಡಲೇಬಾರದು. ಗೇರ್‌ನಲ್ಲಿ ಸ್ಟಾರ್ಟ್ ಆಗದ ಗಾಡಿಗಳಿವೆ. ಅಂಥದ್ದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಬ್ರೇಕ್: ಎರಡು ಪೆಡಲ್, ಒಂದೇ ಅಳತೆ

ತೋಟದಲ್ಲಿ ತಿರುಗಲು ಯಾವ ಕಡೆಯ ಬ್ರೇಕ್ ಹೆಚ್ಚು ಹಿಡಿಯುತ್ತೀರೋ ಆ ಕಡೆ ಬೇಗ ಸವೆಯುತ್ತದೆ. ತೋಟದೊಳಗೆ ಇದು ಗೊತ್ತೇ ಆಗುವುದಿಲ್ಲ. ಪೆಡಲುಗಳನ್ನು ಲಾಕ್ ಮಾಡಿ ರಸ್ತೆಗೆ ಬಂದಾಗ ಗೊತ್ತಾಗುತ್ತದೆ, ಅದೂ ಟ್ರಾಲಿ ಕಟ್ಟಿ ಇಳಿಜಾರಿನಲ್ಲಿ. ಒಂದೇ ಕಡೆ ಹಿಡಿದು ಗಾಡಿ ಅಡ್ಡ ಎಳೆಯುತ್ತದೆ. ನಮ್ಮ ಗುಡ್ಡೆ ರಸ್ತೆಗಳಲ್ಲಿ ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಲಾಕ್ ತೆಗೆದು ಎರಡು ಪೆಡಲುಗಳ ಪ್ಲೇ ಬೇರೆ ಬೇರೆ ಅಳೆಯಿರಿ. ಎರಡೂ ಒಂದೇ ಇರಬೇಕು. ಹೆಚ್ಚು ಇರುವ ಕಡೆಯ ರಾಡನ್ನು ಗಿಡ್ಡ ಮಾಡಿ ಸರಿಹೊಂದಿಸಿ. ಆಮೇಲೆ ಲಾಕ್ ಹಾಕಿ, ಧೂಳಿನ ಬಯಲಿನಲ್ಲಿ ಟ್ರಾಲಿ ಇಲ್ಲದೆ ನಿಧಾನಕ್ಕೆ ಓಡಿಸಿ, ಒಮ್ಮೆ ಗಟ್ಟಿ ಹಿಡಿಯಿರಿ. ಇಳಿದು ನೆಲದ ಗುರುತು ನೋಡಿ. ಎರಡೂ ಹಿಂದಿನ ಚಕ್ರಗಳು ಉಜ್ಜಿದ ಗುರುತು ಒಂದೇ ಉದ್ದ ಇದ್ದರೆ ಸರಿ. ಗಿಡ್ಡ ಗುರುತಿನ ಕಡೆ ಇನ್ನೂ ಸ್ವಲ್ಪ ಬೇಕು.

ಅಡ್ಜಸ್ಟ್ ಮಾಡಿದ ಮೇಲೆ ಬ್ರೇಕ್ ಹಿಡಿದೇ ಇರುತ್ತದೆಯಾ ಎಂದೂ ನೋಡಬೇಕು. ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ, ಎರಡೂ ಕಡೆಯ ಬ್ರೇಕ್ ಹೌಸಿಂಗಿನ ಹತ್ತಿರ ಕೈಯ ಹಿಂಬದಿ ತನ್ನಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಆ ಕಡೆ ಬಿಡುತ್ತಿಲ್ಲ. ಕಾರಣ ಹೆಚ್ಚಾಗಿ ಅದೇ ಹಳೇ ಕತೆ, ತುಕ್ಕು ಹಿಡಿದ ಪೆಡಲ್ ಶಾಫ್ಟ್. ಪಿಕಪ್ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದು ಎಂಜಿನ್ ತೋರಿಸಲು ತರುವ ಗಾಡಿಗಳಲ್ಲಿ ಕೆಲವಕ್ಕೆ ಇದೇ ರೋಗ.

ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಯಲ್ಲಿ ಎಣ್ಣೆಯೂ ಬ್ರೇಕಿನ ಭಾಗವೇ. ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಸೇರಿ ಮಾಡಿದ ಎಣ್ಣೆಯ ಬದಲು ಬರೀ ಗೇರ್ ಆಯಿಲ್ ಸುರಿದರೆ ಬ್ರೇಕ್ ಹಿಡಿಯುವಾಗ ಗೊರಗೊರ ಅನ್ನುತ್ತದೆ, ನಡುಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದರೆ ಮಳೆ ನೇರ ಒಳಗೆ ಇಳಿಯುತ್ತದೆ. ಆ ರಬ್ಬರಿಗೆ ಜುಜುಬಿ ದುಡ್ಡು, ಎಣ್ಣೆಗೆ ಹಾಗಲ್ಲ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಬ್ರೇಕ್ ನಂಬಿ ಇಳಿಯುವವರಿಗೆ ಯಾವ ಅಡ್ಜಸ್ಟ್‌ಮೆಂಟೂ ಸಾಲದು.

ಆಕ್ಸಿಲರೇಟರ್

ಕಾಲು ತೆಗೆದರೂ ಎಂಜಿನ್ ಇಳಿಯುವುದಿಲ್ಲ ಎಂದಾದರೆ ಮೊದಲು ಹ್ಯಾಂಡ್ ಆಕ್ಸಿಲರೇಟರ್ ಪೂರ್ತಿ ಹಿಂದೆ ಇದೆಯಾ ನೋಡಿ. ನಗಬೇಡಿ, ಎರಡೂ ಒಂದೇ ಲಿವರಿಗೆ ಸೇರುತ್ತವೆ. ಅದು ಸರಿ ಇದ್ದರೆ ಎಂಜಿನ್ ಆಫ್ ಮಾಡಿ, ಡೀಸೆಲ್ ಪಂಪಿನ ಲಿವರಿನಿಂದ ಕೇಬಲ್ ಅಥವಾ ರಾಡ್ ಕಳಚಿ, ಲಿವರನ್ನು ಬೆರಳಿನಿಂದ ತಿರುಗಿಸಿ ಬಿಡಿ. ಟಪ್ಪನೆ ಹಿಂದೆ ಬಂದರೆ ಪಂಪ್ ಚೆನ್ನಾಗಿದೆ. ತಪ್ಪು ಕೇಬಲಿನಲ್ಲಿ, ಸ್ಪ್ರಿಂಗಿನಲ್ಲಿ, ಇಲ್ಲವೇ ನಾರು ಸಿಕ್ಕಿಕೊಂಡ ಸಂದಿನಲ್ಲಿ. ಲಿವರೇ ಬಿಗಿ ಇದ್ದರೆ ಪಂಪ್ ಅಂಗಡಿಗೆ ಹೋಗಬೇಕು. ಅಲ್ಲಿರುವ ಸೀಲ್ ಹಾಕಿದ ಸ್ಕ್ರೂಗಳನ್ನು ಮುಟ್ಟಬೇಡಿ.

ಕಾಲಿಟ್ಟರೂ ಪೂರ್ತಿ ಏರದಿದ್ದರೆ, ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಪಂಪಿನ ಲಿವರ್ ಕೊನೆಯ ಸ್ಟಾಪಿಗೆ ಮುಟ್ಟುತ್ತದೆಯಾ ನೋಡಲಿ. ಇದನ್ನೂ ಎಂಜಿನ್ ಆಫ್ ಇಟ್ಟೇ ಮಾಡಿ.

ಸ್ಟಾರ್ಟರ್ ಸದ್ದೇ ಇಲ್ಲದಿದ್ದರೆ

ಹೊಸ ಗಾಡಿಗಳಲ್ಲಿ ಹೆಚ್ಚಿನವು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಪೆಡಲಿನ ಬುಡದಲ್ಲಿ ಒಂದು ಸ್ವಿಚ್ ಇದೆ. ಬ್ಯಾಟರಿ ಚೆನ್ನಾಗಿದ್ದೂ ಕೀ ತಿರುಗಿಸಿದರೆ ಏನೂ ಆಗದಿದ್ದರೆ ಆ ಸ್ವಿಚ್ಚಿಗೆ ಪೆಡಲ್ ಮುಟ್ಟುತ್ತಿದೆಯಾ ನೋಡಿ. ಪ್ಲೇ ಅಡ್ಜಸ್ಟ್ ಮಾಡಿದ ಮರುದಿನ ಈ ತೊಂದರೆ ಬಂದರೆ ಕಾರಣ ಬೇರೆ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಇಲಿ ವಯರ್ ಕಡಿಯುವುದೂ ಉಂಟು. ಎರಡು ವಯರ್ ಸೇರಿಸಿ ಸ್ವಿಚ್ ತಪ್ಪಿಸಿ ಓಡಿಸುವ ಅಭ್ಯಾಸ ಬೇಡ. ಗೇರ್‌ನಲ್ಲಿರುವ ಗಾಡಿಯನ್ನು ಕೆಳಗೆ ನಿಂತು ಸ್ಟಾರ್ಟ್ ಮಾಡಿ ಚಕ್ರದಡಿಗೆ ಬೀಳುವುದು ಹೀಗೇ.

ಕ್ಲಚ್ ಇಲ್ಲದೆ ಪೆಡಲಿನಲ್ಲೇ ಓಡುವ ಗಾಡಿ

ಎಚ್‌ಎಸ್‌ಟಿ (ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್) ಅನ್ನುವ ಈ ಬಗೆ ನಮ್ಮಲ್ಲಿ ಕಡಿಮೆ. ಬಲಗಾಲಿನ ಪೆಡಲ್ ಮುಂದೆ ಒತ್ತಿದರೆ ಮುಂದೆ, ಹಿಂದಿನದನ್ನು ಒತ್ತಿದರೆ ಹಿಂದೆ. ಒಳಗಿನ ಎಣ್ಣೆ ಪಂಪಿನ ಓರೆ ತಟ್ಟೆಯನ್ನು ಪೆಡಲ್ ವಾಲಿಸುತ್ತದೆ. ಎಷ್ಟು ವಾಲಿತೋ ಅಷ್ಟು ಎಣ್ಣೆ ಮೋಟರಿಗೆ ಹೋಗುತ್ತದೆ, ಅಷ್ಟು ವೇಗ.

ಇದರಲ್ಲಿ ಮೊದಲು ತಿದ್ದಬೇಕಾದ್ದು ಕಾಲಿನ ಅಭ್ಯಾಸ. ಏರಿನಲ್ಲಿ ಗಾಡಿ ಎಳೆಯದಿದ್ದರೆ ಎಲ್ಲರೂ ಪೆಡಲ್ ಇನ್ನೂ ಒತ್ತುತ್ತಾರೆ. ಒತ್ತಿದಷ್ಟೂ ವೇಗದ ಕಡೆ ಹೋಗುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ಕಾಲು ಸ್ವಲ್ಪ ಸಡಿಲಿಸಿ, ಎಂಜಿನ್ ವೇಗ ಏರಿಸಿ, ರೇಂಜ್ ಲಿವರ್ ಲೋ ಮಾಡಿ. "ಪಂಪ್ ವೀಕ್" ಅನ್ನುವ ದೂರು ಅಲ್ಲಿಗೇ ಮುಗಿಯಬಹುದು. ಆದರೂ ಎಳೆಯದಿದ್ದರೆ ಎಣ್ಣೆಯ ಮಟ್ಟ, ಫಿಲ್ಟರ್, ಬಿಡದ ಬ್ರೇಕ್, ಈ ಕ್ರಮದಲ್ಲಿ ನೋಡಿ. ಬಿಸಿಯಾದ ಮೇಲೆ ಮಾತ್ರ ಬಲ ಬೀಳುತ್ತದೆ ಎಂದಾದರೆ ಪಂಪೇ ಸವೆದಿರಬಹುದು, ಅದು ಮನೆಯಲ್ಲಿ ಬಿಚ್ಚುವ ಸಾಮಾನಲ್ಲ.

ಕಾಲು ತೆಗೆದರೂ ಗಾಡಿ ಮೆಲ್ಲ ತೆವಳುತ್ತಿದ್ದರೆ ಪೆಡಲ್ ನಡುವಿಗೆ ಬಂದು ನಿಲ್ಲುತ್ತಿಲ್ಲ. ಎಂಜಿನ್ ಆಫ್ ಇಟ್ಟು ಪೆಡಲ್ ಒತ್ತಿ ಬಿಡಿ. ತಡವಾಗಿ ಬಂದರೆ ತುಕ್ಕು, ಸ್ಪ್ರಿಂಗ್ ಅಥವಾ ಡ್ಯಾಂಪರ್. ಸರಿಯಾಗಿ ಬಂದೂ ತೆವಳಿದರೆ ಲಿಂಕೇಜಿನ ಬಾಲ್ ಜಾಯಿಂಟ್ ಸವೆದಿದೆ, ಇಲ್ಲವೇ ನ್ಯೂಟ್ರಲ್ ಅಡ್ಜಸ್ಟ್‌ಮೆಂಟ್ ತಪ್ಪಿದೆ. ಅಡ್ಜಸ್ಟ್ ಮಾಡುವಾಗ ಚಕ್ರಗಳು ಗಟ್ಟಿ ಸ್ಟ್ಯಾಂಡಿನ ಮೇಲೆ ನೆಲ ಬಿಟ್ಟಿರಬೇಕು. ಫೋರ್‌ವೀಲ್ ಆದರೆ ನಾಲ್ಕೂ ಚಕ್ರ ಎತ್ತಬೇಕು. ಬರೀ ಜಾಕಿನ ಮೇಲೆ ಎಂಜಿನ್ ಓಡಿಸಬೇಡಿ. ಒಬ್ಬರು ಸೀಟಿನಲ್ಲಿ, ಒಬ್ಬರು ನಟ್ ಹತ್ತಿರ. ನಟ್ ತಿರುಗಿಸುವಾಗ ಪ್ರತಿ ಸಲ ಎಂಜಿನ್ ಆಫ್, ನೋಡುವಾಗ ಆನ್. ಚಕ್ರ ಪೂರ್ತಿ ನಿಲ್ಲುವವರೆಗೆ ಕಾಲು ಸುತ್ತು, ಕಾಲು ಸುತ್ತು.

ಎಚ್‌ಎಸ್‌ಟಿ ಎಣ್ಣೆಗೆ ಕೊಳೆ ಸೇರಲೇಬಾರದು. ಹೊಸ ಗಾಡಿಯ ಮೊದಲ ಫಿಲ್ಟರ್ ಬದಲಾವಣೆ ಸಾಮಾನ್ಯವಾಗಿ 50 ಗಂಟೆಗೇ ಬರುತ್ತದೆ, ಅದನ್ನು ಮುಂದೂಡಬೇಡಿ. ಎಣ್ಣೆ ಸುರಿಯುವ ಮೊದಲು ಮುಚ್ಚಳದ ಸುತ್ತ ಒರೆಸಿ, ಆಮೇಲೆ ಬಿಚ್ಚಿ.

ಸಾಮಾನು ತರಲು ಹೋಗುವಾಗ

ಪಿನ್, ಸ್ಪ್ರಿಂಗ್, ಬುಷ್, ರಬ್ಬರ್ ಇವೆಲ್ಲ ಕಾಸರಗೋಡು, ಪುತ್ತೂರು, ಮಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಕ್ಲಚ್ ಪ್ಲೇಟಿಗಂತೂ ಮಾಡೆಲ್ ಹೆಸರು ಹೇಳಿದರೆ ಸಾಲದು. ಪ್ಲೇಟಿನ ವ್ಯಾಸ, ನಡುವಿನ ಸ್ಪ್ಲೈನ್ ಹಲ್ಲುಗಳ ಲೆಕ್ಕ, ಸಿಂಗಲ್ಲಾ ಡಬಲ್ಲಾ, ಇಷ್ಟನ್ನು ಹಳೇ ಪ್ಲೇಟಿನ ಜೊತೆ ಕೌಂಟರಿನಲ್ಲೇ ಹೋಲಿಸಿ ನೋಡಿ. ಪ್ಲೇಟ್ ತರುವಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡು ಸೀಲ್ ಕೂಡ ತನ್ನಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ, ಮುಂದಿನ ಸಲ ಫೋನಿನಲ್ಲೇ ಕೇಳಬಹುದು.